ಪೋಪ್ ಪೀಠತ್ಯಾಗ: ಪದೇ ಪದೇ ಕೇಳುವ ಪ್ರಶ್ನೆಗಳು

2013ರ ಫೆಬ್ರುವರಿಯಲ್ಲಿ 16ನೇ ಬೆನೆಡಿಕ್ಟ್ ಪೀಠ ಬಿಡುವುದಾಗಿ ಪ್ರಕಟಿಸಿದಾಗ, ಪೋಪ್ ಆದವರು ರಾಜೀನಾಮೆ ಕೊಡಬಹುದು ಎಂಬುದೇ ಬಹಳ ಜನರಿಗೆ ಹೊಸ ಸುದ್ದಿಯಾಗಿತ್ತು. ಅಂದಿನಿಂದ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. 1294ರಲ್ಲಿ ಪೀಠ ಬಿಟ್ಟ 5ನೇ ಸೆಲೆಸ್ಟೀನ್ ಅವರಿಗೆ ಹೆಚ್ಚು ಜಾಗ ಹೋಗಿದೆ. ಅವರನ್ನು ಅರ್ಥ ಮಾಡಿಕೊಳ್ಳದೆ ಬೆನೆಡಿಕ್ಟ್ ಅವರ ನಿರ್ಧಾರ ಅರ್ಥವಾಗುವುದಿಲ್ಲ ಎಂಬುದು ನನ್ನ ನಂಬಿಕೆ.

ಪೋಪ್ ರಾಜೀನಾಮೆ ಕೊಡಲು ಧರ್ಮಸಭೆಯ (ಕ್ಯಾಥೊಲಿಕ್ ಚರ್ಚಿನ) ಕಾನೂನಿನಲ್ಲಿ ಅವಕಾಶ ಇದೆಯೇ?

ಇದೆ. 1983ರ ಕ್ಯಾನನ್ ಕಾನೂನು ಸಂಹಿತೆಯ 332ನೇ ವಿಧಿಯ ಎರಡನೇ ಭಾಗ ಇದನ್ನೇ ಹೇಳುತ್ತದೆ. ಷರತ್ತು ಎರಡೇ: ರಾಜೀನಾಮೆ ಸ್ವಂತ ಇಚ್ಛೆಯದ್ದಾಗಿರಬೇಕು, ಅದನ್ನು ಸರಿಯಾದ ರೀತಿಯಲ್ಲಿ ಬಹಿರಂಗಪಡಿಸಬೇಕು. ಯಾರೂ ಅದನ್ನು ಅಂಗೀಕರಿಸಬೇಕಾಗಿಲ್ಲ ಎಂದೂ ಅಲ್ಲೇ ಬರೆದಿದೆ. ಅದಕ್ಕೂ ಹಿಂದಿನ 1917ರ ಸಂಹಿತೆಯಲ್ಲೂ ಇದಕ್ಕೆ ಅವಕಾಶವಿತ್ತು.

ಹಾಗಾದರೆ ಅವರು ರಾಜೀನಾಮೆ ಪತ್ರವನ್ನು ಯಾರ ಕೈಗೆ ಕೊಡುತ್ತಾರೆ?

ಯಾರ ಕೈಗೂ ಕೊಡುವುದಿಲ್ಲ. ಬಿಷಪರ ವಿಷಯ ಬೇರೆ. 75 ವರ್ಷ ತುಂಬಿದ ಬಿಷಪರು ಪೋಪ್ ಅವರಿಗೆ ರಾಜೀನಾಮೆ ಸಲ್ಲಿಸಬೇಕು. ಒಪ್ಪುವುದು, ಮುಂದೂಡುವುದು ಪೋಪ್ ಅವರಿಗೆ ಬಿಟ್ಟದ್ದು. ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದ ಬರ್ನಾರ್ಡ್ ಮೊರಾಸ್ ಅವರಿಗೆ 75 ತುಂಬಿದ್ದು 2016ರಲ್ಲಿ. ಅವರ ರಾಜೀನಾಮೆ ಅಂಗೀಕಾರವಾಗಿ ಪೀಟರ್ ಮಚಾದೊ ಅವರ ಹೆಸರು ಹೊರಬಿದ್ದದ್ದು 2018ರಲ್ಲಿ. ಪೋಪ್ ಅವರಿಗೆ ಹೀಗೆ ಮೇಲಿನವರು ಯಾರೂ ಇಲ್ಲ. ಪೋಪ್ ಅವರನ್ನು ಆರಿಸುವ ಕಾರ್ಡಿನಲ್‌ಗಳ ಸಭೆಗೂ ಅವರನ್ನು ಇಳಿಸುವ ಅಥವಾ ಉಳಿಸಿಕೊಳ್ಳುವ ಹಕ್ಕಿಲ್ಲ. ಆದ್ದರಿಂದಲೇ ಕಾನೂನಿನ ಭಾರವೆಲ್ಲ 'ಸ್ವಂತ ಇಚ್ಛೆ' ಎಂಬ ಒಂದು ಮಾತಿನ ಮೇಲೆ ಬಿದ್ದಿದೆ. ಕೆಳಗೆ ಬರುವ ಒಂದೊಂದು ಪ್ರಕರಣದಲ್ಲೂ ಜಗಳ ಎದ್ದದ್ದು ಅದೇ ಮಾತಿನ ಮೇಲೆ.

ಇದುವರೆಗೆ ಎಷ್ಟು ಜನ ಪೋಪ್‌ಗಳು ರಾಜೀನಾಮೆ ಕೊಟ್ಟಿದ್ದಾರೆ?

ಇತಿಹಾಸಕಾರರ ಪಟ್ಟಿಗಳು ಒಂದಕ್ಕೊಂದು ಹೊಂದುವುದಿಲ್ಲ. ಗಡಿಪಾರಾದವರು, ಚಕ್ರವರ್ತಿಯ ಒತ್ತಡಕ್ಕೆ ಮಣಿದವರು, ಹಣ ಪಡೆದು ಪೀಠ ಬಿಟ್ಟವರು ಎಲ್ಲರನ್ನೂ ಸೇರಿಸಿದರೆ ಪಟ್ಟಿ ಉದ್ದವಾಗುತ್ತದೆ. ಯಾರ ಬಲವಂತವೂ ಇಲ್ಲದೆ, ತಾನಾಗಿಯೇ ಯೋಚಿಸಿ ಬಿಟ್ಟವರು ಎಂದು ಬಿಗಿಯಾಗಿ ಕೇಳಿದರೆ ನಾನು ಕೊಡುವ ಹೆಸರು ಎರಡೇ: 1294ರ 5ನೇ ಸೆಲೆಸ್ಟೀನ್, 2013ರ 16ನೇ ಬೆನೆಡಿಕ್ಟ್. 1415ರ 12ನೇ ಗ್ರೆಗರಿ ಅವರನ್ನು ಮೂರನೆಯವರೆಂದು ಸೇರಿಸುವುದುಂಟು. ಅವರ ಮೇಲೆ ಎಷ್ಟು ಒತ್ತಡವಿತ್ತು ಎಂಬುದನ್ನು ಮುಂದೆ ನೋಡೋಣ.

ಮೊದಲು ಪೀಠ ಬಿಟ್ಟವರು ಯಾರು?

ಖಚಿತವಾಗಿ ಹೇಳಬಹುದಾದ ಮೊದಲ ಹೆಸರು ಪಾಂಟಿಯನ್. ರೋಮನ್ ಚಕ್ರವರ್ತಿ ಮ್ಯಾಕ್ಸಿಮಿನಸ್ ಥ್ರಾಕ್ಸ್ ಕ್ರಿ.ಶ. 235ರಲ್ಲಿ ಅವರನ್ನು ಸಾರ್ಡೀನಿಯಾ ದ್ವೀಪಕ್ಕೆ ಗಡಿಪಾರು ಮಾಡಿದ. ಗಣಿಗಳಲ್ಲಿ ದುಡಿಯುವ ಶಿಕ್ಷೆ ಅದು. ಅಲ್ಲಿಗೆ ಹೋದವರು ಜೀವಂತ ಮರಳುವ ಆಸೆ ಇರಲಿಲ್ಲ. ರೋಮಿನ ವಿಶ್ವಾಸಿಗಳು ಕುರುಬನಿಲ್ಲದ ಮಂದೆಯಾಗಬಾರದೆಂದು ಪಾಂಟಿಯನ್ ಅದೇ ವರ್ಷ ಸೆಪ್ಟೆಂಬರ್ 28ರಂದು ಪೀಠ ತ್ಯಜಿಸಿದರು. ಪೋಪ್‌ಗಳ ಇತಿಹಾಸದಲ್ಲಿ ದಿನ, ತಿಂಗಳು, ವರ್ಷ ಮೂರೂ ಖಚಿತವಾಗಿ ಸಿಗುವ ಮೊತ್ತಮೊದಲ ಘಟನೆ ಇದು ಎನ್ನುತ್ತಾರೆ. ಇದನ್ನು ಸ್ವಇಚ್ಛೆಯ ರಾಜೀನಾಮೆ ಎನ್ನಬಹುದೇ? ಗಡಿಪಾರು ಅವರ ಆಯ್ಕೆಯಲ್ಲ. ಆ ಸ್ಥಿತಿಯಲ್ಲೂ ಪೀಠಕ್ಕೆ ಅಂಟಿಕೊಳ್ಳದೆ ಇನ್ನೊಬ್ಬರಿಗೆ ದಾರಿ ಬಿಟ್ಟದ್ದು ಮಾತ್ರ ಅವರದೇ ಆಯ್ಕೆ. ಅವರ ಜಾಗಕ್ಕೆ ಆಂಟೆರಸ್ ಬಂದರು.

ಒಬ್ಬ ಪೋಪ್ ಪೀಠವನ್ನು ಹಣಕ್ಕೆ ಬಿಟ್ಟುಕೊಟ್ಟರು ಎನ್ನುವುದು ನಿಜವೇ?

9ನೇ ಬೆನೆಡಿಕ್ಟ್ ಬಗ್ಗೆ ಆ ಮಾತಿದೆ, ಅದಕ್ಕೆ ಆಧಾರವೂ ಇದೆ. ರೋಮಿನ ಬಲಿಷ್ಠ ಮನೆತನವೊಂದರ ಈ ಯುವಕ 1032ರಲ್ಲಿ ಪೋಪ್ ಆದ. 1045ರಲ್ಲಿ ತನ್ನ ಧರ್ಮಪಿತ ಜಾನ್ ಗ್ರೇಷಿಯನ್ ಎಂಬ ಪಾದ್ರಿಗೆ ಹಣ ಪಡೆದು ಪೀಠ ಬಿಟ್ಟುಕೊಟ್ಟ. ಗ್ರೇಷಿಯನ್ 6ನೇ ಗ್ರೆಗರಿ ಆದರು. ಈ ಅಯೋಗ್ಯನನ್ನು ಹೇಗಾದರೂ ತೊಲಗಿಸಬೇಕು ಎಂಬುದೇ ಅವರ ಉದ್ದೇಶವಾಗಿತ್ತು ಎಂದು ಅವರ ಪರ ವಾದಿಸುವವರಿದ್ದಾರೆ. ಆದರೂ ಪವಿತ್ರ ಹುದ್ದೆಯನ್ನು ಹಣಕ್ಕೆ ಪಡೆಯುವುದು ಮಹಾಪಾಪ. 1046ರ ಡಿಸೆಂಬರ್‌ನಲ್ಲಿ ಜರ್ಮನ್ ದೊರೆ 3ನೇ ಹೆನ್ರಿ ಸೂತ್ರಿಯಲ್ಲಿ ಸಭೆ ಕರೆದಾಗ ಗ್ರೆಗರಿ ಕೆಳಗಿಳಿಯಬೇಕಾಯಿತು. ಅವರೇ ಬಿಟ್ಟರೋ ಇಳಿಸಲಾಯಿತೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ದೇಶ ಬಿಟ್ಟು ಜರ್ಮನಿಗೆ ಹೋದ ಅವರ ಜೊತೆಗೆ ಹಿಲ್ಡೆಬ್ರಾಂಡ್ ಎಂಬ ಯುವಕನೂ ಹೋದ. ಮುಂದೆ 7ನೇ ಗ್ರೆಗರಿ ಎಂಬ ಹೆಸರಿನಲ್ಲಿ ಧರ್ಮಸಭೆಯನ್ನು ಸುಧಾರಿಸಲು ಹೊರಟವರು ಇವರೇ.

5ನೇ ಸೆಲೆಸ್ಟೀನ್ ಯಾರು? ಒಬ್ಬ ಗುಹಾವಾಸಿ ಪೋಪ್ ಆದದ್ದು ಹೇಗೆ?

1292ರ ಏಪ್ರಿಲ್‌ನಲ್ಲಿ 4ನೇ ನಿಕೋಲಸ್ ತೀರಿಕೊಂಡರು. ಆಗ ಇದ್ದ ಕಾರ್ಡಿನಲ್‌ಗಳು ಹನ್ನೆರಡೇ ಮಂದಿ. ಅವರಲ್ಲೂ ಕೊಲೊನ್ನಾ ಮನೆತನದ ಒಂದು ಬಣ, ಒರ್ಸಿನಿ ಮನೆತನದ ಇನ್ನೊಂದು ಬಣ. ಎರಡು ವರ್ಷ ದಾಟಿದರೂ ಯಾರಿಗೂ ಬೇಕಾದಷ್ಟು ಮತ ಬೀಳಲಿಲ್ಲ.

ಮಧ್ಯ ಇಟಲಿಯ ಅಬ್ರುಝೋ ಬೆಟ್ಟಗಳಲ್ಲಿ, ಸುಲ್ಮೋನಾ ಊರಿನ ಮೇಲೆ, ಮೊರೋನೆ ಪರ್ವತದ ಕೋಣೆಯೊಂದರಲ್ಲಿ ಪಿಯೆತ್ರೋ ಎಂಬ ತಪಸ್ವಿ ಇದ್ದರು. ವಯಸ್ಸು 80ರ ಆಸುಪಾಸು. ರೈತಾಪಿ ಮನೆಯ ಮಗ. ಕಠಿಣ ಉಪವಾಸಕ್ಕೆ ಹೆಸರಾದವರು. ಶಿಷ್ಯರ ಒಂದು ಸಂಘವನ್ನೇ ಕಟ್ಟಿದವರು. ಪೀಠವನ್ನು ಹೀಗೆ ಖಾಲಿ ಬಿಟ್ಟರೆ ದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ಅವರು ಎಚ್ಚರಿಸಿದ ವಿಷಯ ಕಾರ್ಡಿನಲ್‌ಗಳ ಸಭೆಗೆ ಬಂತು. ಕಾರ್ಡಿನಲ್ ಲತೀನೋ ಮಲಬ್ರಾಂಕಾ ಅದೇ ತಪಸ್ವಿಯ ಹೆಸರು ಸೂಚಿಸಿದರು. ಸೋತು ಸುಣ್ಣವಾಗಿದ್ದ ಉಳಿದವರು ಒಬ್ಬೊಬ್ಬರಾಗಿ ಒಪ್ಪಿದರು. ಅದು 1294ರ ಜುಲೈ 5.

ಸುದ್ದಿ ತಂದ ನಿಯೋಗ ಕಡಿದಾದ ದಾರಿ ಹತ್ತಿ ಅವರ ಕೋಣೆಗೆ ಹೋಯಿತು. ಅವರು ಬೇಡ ಎನ್ನಲು ನೋಡಿದರು, ಕೊನೆಗೆ ಒಪ್ಪಿದರು. ಆಗಸ್ಟ್ 29ರಂದು ಲಾಕ್ವಿಲಾ ಊರಿನ ಕೊಲ್ಲೆಮಾಜ್ಜೊ ಚರ್ಚಿನಲ್ಲಿ ಅಭಿಷೇಕವಾಯಿತು. ಆ ಚರ್ಚು ಅವರದೇ ಸಂಘ ಕಟ್ಟಿಸಿದ್ದು. ಊರೊಳಗೆ ಅವರು ಬಂದದ್ದು ಕತ್ತೆಯ ಮೇಲೆ.

ಅವರು ಐದೇ ತಿಂಗಳಲ್ಲಿ ಬಿಟ್ಟದ್ದೇಕೆ?

ಆಡಳಿತ ಅವರಿಂದ ಆಗಲಿಲ್ಲ. ಆಗಲಿಲ್ಲ ಎಂಬುದು ಅವರಿಗೇ ಮೊದಲು ಗೊತ್ತಾಯಿತು.

ನೇಪಲ್ಸ್ ದೊರೆ 2ನೇ ಚಾರ್ಲ್ಸ್ ಅವರನ್ನು ರೋಮಿಗೆ ಹೋಗಗೊಡದೆ ತನ್ನ ರಾಜಧಾನಿಗೆ ಕರೆದೊಯ್ದ. ಆ ಸೆಪ್ಟೆಂಬರ್‌ನಲ್ಲಿ ನೇಮಕವಾದ ಹನ್ನೆರಡು ಹೊಸ ಕಾರ್ಡಿನಲ್‌ಗಳಲ್ಲಿ ಏಳು ಮಂದಿ ಫ್ರೆಂಚರು. ಅದರಲ್ಲಿ ದೊರೆಯ ಕೈವಾಡ ಎಲ್ಲರಿಗೂ ಕಾಣುತ್ತಿತ್ತು. ಲ್ಯಾಟಿನ್ ಸರಿಯಾಗಿ ಬಾರದ ಪೋಪ್ ಸಭೆಯಲ್ಲಿ ಆಡುಭಾಷೆಯಲ್ಲೇ ಮಾತಾಡುತ್ತಿದ್ದರು. ಕೇಳಿದವರಿಗೆಲ್ಲ ಕೊಡುವ ಸ್ವಭಾವದಿಂದ ಒಂದೇ ಹುದ್ದೆ ಒಬ್ಬರಿಗಿಂತ ಹೆಚ್ಚು ಜನರಿಗೆ ಹೋದದ್ದೂ ಉಂಟು. ನೇಪಲ್ಸ್‌ನ ಕಾಸ್ತೆಲ್ ನುವೋವೊ ಕೋಟೆಯೊಳಗೆ ತಮಗಾಗಿ ಒಂದು ಪುಟ್ಟ ಮರದ ಕೋಣೆ ಕಟ್ಟಿಸಿಕೊಂಡು ಅದರೊಳಗೆ ಪ್ರಾರ್ಥನೆಗೆ ಕೂರುತ್ತಿದ್ದರು. ಬೆಟ್ಟದ ಕೋಣೆಯನ್ನು ಅರಮನೆಯೊಳಗೆ ಮತ್ತೆ ಕಟ್ಟಿಕೊಂಡ ಈ ಮುದುಕರನ್ನು ನೆನೆದರೆ ನನಗೆ ಕನಿಕರವೇ ಬರುತ್ತದೆ. ಸಭೆ ಸೇರಿ ಹೊರೆ ಹೊರಿಸಿದವರಲ್ಲಿ ಒಬ್ಬರೂ ಆ ಹೊರೆಗೆ ಹೆಗಲು ಕೊಡಲಿಲ್ಲ.

ಬಿಡಬಹುದೇ ಎಂದು ಅವರು ಕಾನೂನು ಬಲ್ಲವರನ್ನು ಕೇಳಿದರು. ಸಲಹೆ ಕೊಟ್ಟವರಲ್ಲಿ ಮುಖ್ಯರು ಕಾರ್ಡಿನಲ್ ಬೆನೆದೆತ್ತೋ ಕಯೆತಾನಿ. ಪೋಪ್ ಸ್ವಇಚ್ಛೆಯಿಂದ ಪೀಠ ಬಿಡಬಹುದು ಎಂದು ಸ್ಪಷ್ಟಪಡಿಸುವ ಆಜ್ಞೆ ಹೊರಟಿತು. 1294ರ ಡಿಸೆಂಬರ್ 13ರಂದು ಸೆಲೆಸ್ಟೀನ್ ಕಾರ್ಡಿನಲ್‌ಗಳ ಮುಂದೆ ತ್ಯಾಗಪತ್ರ ಓದಿದರು. ತಮ್ಮ ದೀನತೆ, ಹೆಚ್ಚು ಶುದ್ಧವಾದ ಬದುಕಿನ ಹಂಬಲ, ಮನಸ್ಸಾಕ್ಷಿ, ದೇಹದ ನಿತ್ರಾಣ, ತಿಳಿವಳಿಕೆಯ ಕೊರತೆ, ಜನರ ಕೇಡುಬುದ್ಧಿ, ಹಿಂದಿನ ನೆಮ್ಮದಿಗೆ ಮರಳುವ ಆಸೆ: ಇವು ಅವರು ಕೊಟ್ಟ ಕಾರಣಗಳು. ಓದಿ ಮುಗಿಸಿ ಸಿಂಹಾಸನದಿಂದ ಇಳಿದು ಉಂಗುರ, ಕಿರೀಟ, ನಿಲುವಂಗಿಗಳನ್ನು ತೆಗೆದಿಟ್ಟು ನೆಲದ ಮೇಲೆ ಕುಳಿತರು ಎಂದು ಅಂದಿನ ವೃತ್ತಾಂತಗಳು ಹೇಳುತ್ತವೆ.

ಅವರು ಮತ್ತೆ ಬೆಟ್ಟಕ್ಕೆ ಹೋದರೇ?

ಹೋಗಗೊಡಲಿಲ್ಲ. ಹನ್ನೊಂದನೇ ದಿನಕ್ಕೆ, ಡಿಸೆಂಬರ್ 24ರಂದು, ಅದೇ ಕಯೆತಾನಿ 8ನೇ ಬೋನಿಫೇಸ್ ಆಗಿ ಆಯ್ಕೆಯಾದರು. ವಿರೋಧಿಗಳು ಮುದುಕರನ್ನು ಮುಂದಿಟ್ಟುಕೊಂಡು ಧರ್ಮಸಭೆಯನ್ನೇ ಒಡೆದಾರು ಎಂಬುದು ಹೊಸ ಪೋಪ್ ಭಯ. ಪಿಯೆತ್ರೋ ತಪ್ಪಿಸಿಕೊಂಡು ಬೆಟ್ಟಗಾಡಿನಲ್ಲಿ ಅಡಗಿದರು. ಸಮುದ್ರ ದಾಟಿ ಗ್ರೀಸ್ ಕಡೆ ಹೋಗಲು ನೋಡಿದರು. ಪೂರ್ವ ಕರಾವಳಿಯ ವಿಯೆಸ್ತೆ ಬಳಿ ಸಿಕ್ಕಿಬಿದ್ದರು. ಕೊನೆಗೆ ಫುಮೋನೆ ಕೋಟೆಯ ಇಕ್ಕಟ್ಟಾದ ಕೋಣೆಯಲ್ಲಿ ಕಾವಲಿನೊಳಗೆ ಇಟ್ಟರು. 1296ರ ಮೇ 19ರಂದು ಅಲ್ಲಿಯೇ ತೀರಿಕೊಂಡರು. 1313ರಲ್ಲಿ 5ನೇ ಕ್ಲೆಮೆಂಟ್ ಅವರನ್ನು ಸಂತರೆಂದು ಘೋಷಿಸಿದರು.

ಬೋನಿಫೇಸ್ ಮೋಸದಿಂದ ಅವರನ್ನು ಇಳಿಸಿದರು ಎನ್ನುತ್ತಾರಲ್ಲ?

ರಾತ್ರಿ ಹೊತ್ತು ಸೆಲೆಸ್ಟೀನ್ ಅವರ ಕೋಣೆಗೆ ಕೊಳವೆ ತೂರಿಸಿ, ದೇವದೂತನ ದನಿಯಂತೆ "ಪೀಠ ಬಿಡು" ಎಂದು ಪಿಸುಗುಟ್ಟಿದರು ಎಂಬ ಕಥೆ ಬಹಳ ಹಳೆಯದು. ಪುರಾವೆ ಇಲ್ಲ. ಬೋನಿಫೇಸ್ ಅವರನ್ನು ದ್ವೇಷಿಸುವವರು ಹೇರಳವಾಗಿದ್ದರು. ಪೋಪ್ ರಾಜೀನಾಮೆಯೇ ಅಸಿಂಧು, ಆದ್ದರಿಂದ ಬೋನಿಫೇಸ್ ಪೋಪ್ ಅಲ್ಲ ಎಂದು 1297ರಲ್ಲಿ ಇಬ್ಬರು ಕೊಲೊನ್ನಾ ಕಾರ್ಡಿನಲ್‌ಗಳು ಬಹಿರಂಗವಾಗಿಯೇ ಸಾರಿದರು. ಮರುವರ್ಷ ಬೋನಿಫೇಸ್ ಹೊರಡಿಸಿದ ಕಾನೂನು ಸಂಗ್ರಹದಲ್ಲಿ ಸೆಲೆಸ್ಟೀನ್ ಆಜ್ಞೆಯ ಸಾರ ಸೇರಿಕೊಂಡಿತು. ತಮ್ಮ ಕುರ್ಚಿ ಭದ್ರಪಡಿಸಿಕೊಳ್ಳುವ ಗರಜು ಅವರಿಗಿತ್ತು, ನಿಜ. ಆದರೆ ಹಾಗೆ ಉಳಿದ ಆ ಸಾಲುಗಳೇ ಇಂದಿನ 332ನೇ ವಿಧಿಯ ಮೂಲ. ಸೆಲೆಸ್ಟೀನ್ ಸ್ವಂತ ಬುದ್ಧಿಯಿಂದ ಬಿಟ್ಟರು ಎಂದೇ ನಾನು ನಂಬುತ್ತೇನೆ. ಆ ಅರಮನೆಯೊಳಗಿನ ಮರದ ಕೋಣೆಗಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ. ಬಿಟ್ಟಮೇಲೆ ಅವರನ್ನು ನಡೆಸಿಕೊಂಡ ರೀತಿ ಮಾತ್ರ ಅನ್ಯಾಯ.

ಮಹಾಕವಿ ದಾಂತೆ ಸೆಲೆಸ್ಟೀನ್ ಅವರನ್ನು ನರಕದಲ್ಲಿ ಇಟ್ಟಿದ್ದಾನೆಯೇ?

'ಡಿವೈನ್ ಕಾಮಿಡಿ' ಕಾವ್ಯದಲ್ಲಿ, ನರಕದ ಹೆಬ್ಬಾಗಿಲಿನ ಒಳಗೆ, ಒಳಿತಿಗೂ ಕೆಡುಕಿಗೂ ಸೇರದವರ ಗುಂಪಿನಲ್ಲಿ, ಹೇಡಿತನದಿಂದ 'ಮಹಾ ನಿರಾಕರಣೆ' ಮಾಡಿದವನೊಬ್ಬನ ನೆರಳನ್ನು ದಾಂತೆ ಕಾಣುತ್ತಾನೆ. ಹೆಸರು ಹೇಳುವುದಿಲ್ಲ. ಹಳೆಯ ವ್ಯಾಖ್ಯಾನಕಾರರಲ್ಲಿ ಹೆಚ್ಚಿನವರು ಅದು ಸೆಲೆಸ್ಟೀನ್ ಎಂದರು. ಯೇಸುವಿನ ವಿಚಾರಣೆಯಲ್ಲಿ ಕೈತೊಳೆದುಕೊಂಡ ಪಿಲಾತ ಎಂದವರೂ ಇದ್ದಾರೆ. ದಾಂತೆಯ ಸಿಟ್ಟಿಗೆ ಕಾರಣವಿತ್ತು: ಸೆಲೆಸ್ಟೀನ್ ಬಿಟ್ಟ ಜಾಗಕ್ಕೆ ಬಂದ ಬೋನಿಫೇಸ್ ರಾಜಕಾರಣವೇ ಅವನನ್ನು ಫ್ಲಾರೆನ್ಸಿನಿಂದ ಹೊರಗಟ್ಟಿತು. ಒಂದು ತಲೆಮಾರಿನ ನಂತರ ಇಟಲಿಯ ಇನ್ನೊಬ್ಬ ಕವಿ ಪೆಟ್ರಾರ್ಕ್ ಇದಕ್ಕೆ ತದ್ವಿರುದ್ಧವಾಗಿ, ಆ ತ್ಯಾಗ ಸ್ವತಂತ್ರ ಮನಸ್ಸಿನ ಎತ್ತರವನ್ನು ತೋರುತ್ತದೆ ಎಂದು ಹೊಗಳಿದ. ನಾನು ಪೆಟ್ರಾರ್ಕ್ ಪಕ್ಷ.

12ನೇ ಗ್ರೆಗರಿ ರಾಜೀನಾಮೆ ಸ್ವಂತ ಇಚ್ಛೆಯದ್ದೇ?

1378ರಿಂದ ರೋಮಿನಲ್ಲೊಬ್ಬರು, ಫ್ರಾನ್ಸಿನ ಅವಿನ್ಯೋನ್‌ನಲ್ಲೊಬ್ಬರು ಪೋಪ್ ಎಂದು ಹೇಳಿಕೊಳ್ಳುತ್ತಿದ್ದರು. ವೆನಿಸ್‌ನ ಆಂಜೆಲೋ ಕೊರೆರ್ 1406ರಲ್ಲಿ 12ನೇ ಗ್ರೆಗರಿ ಆದಾಗ, ಎದುರಾಳಿ 13ನೇ ಬೆನೆಡಿಕ್ಟ್ ಬಿಟ್ಟರೆ ತಾವೂ ಬಿಡುವುದಾಗಿ ಮಾತು ಕೊಟ್ಟಿದ್ದರು. ಇಬ್ಬರೂ ಭೇಟಿಯಾಗಲು ಹೊರಟು, ಒಬ್ಬರು ಲೂಕ್ಕಾ ತನಕ, ಇನ್ನೊಬ್ಬರು ಪೋರ್ತೊವೆನೆರೆ ತನಕ ಬಂದು ನಿಂತರು. ಒಬ್ಬರು ನೀರಿಗೆ ಹೆದರುವ ನೆಲದ ಪ್ರಾಣಿ, ಇನ್ನೊಬ್ಬರು ನೆಲಕ್ಕೆ ಹೆದರುವ ನೀರಿನ ಪ್ರಾಣಿ ಎಂಬರ್ಥದ ಮಾತು ಬರೆದವರು ಗ್ರೆಗರಿಯವರ ಬಳಿಯೇ ಕೆಲಸಕ್ಕಿದ್ದ ಲಿಯೊನಾರ್ದೊ ಬ್ರೂನಿ. ಬೇಸತ್ತ ಕಾರ್ಡಿನಲ್‌ಗಳು 1409ರಲ್ಲಿ ಪೀಸಾದಲ್ಲಿ ಸೇರಿ ಇನ್ನೊಬ್ಬರನ್ನು ಆರಿಸಿದರು. ಇದ್ದ ಇಬ್ಬರು ಮೂವರಾದರು.

1414ರಲ್ಲಿ ಕಾನ್‌ಸ್ಟನ್ಸ್ ನಗರದಲ್ಲಿ ಮಹಾಸಭೆ ಸೇರಿತು. ಗ್ರೆಗರಿ ಒಂದು ಷರತ್ತು ಇಟ್ಟರು: ಮೊದಲು ತಮ್ಮ ಹೆಸರಿನಲ್ಲಿ ಸಭೆಯನ್ನು ವಿಧಿವತ್ತಾಗಿ ಕರೆಯಬೇಕು, ಆಮೇಲೆ ಬಿಡುತ್ತೇನೆ. ಸಭೆ ಒಪ್ಪಿತು. 1415ರ ಜುಲೈ 4ರಂದು ಅವರ ಪ್ರತಿನಿಧಿ ಕಾರ್ಲೊ ಮಲತೆಸ್ತಾ ರಾಜೀನಾಮೆ ಘೋಷಿಸಿದರು. ಒಪ್ಪದಿದ್ದರೆ ಪದಚ್ಯುತಿ ಖಂಡಿತವಾಗಿತ್ತು, ಹಾಗಾಗಿ ಪೂರ್ತಿ ಸ್ವಇಚ್ಛೆ ಎನ್ನಲಾರೆ. ಆದರೂ ಉಳಿದಿಬ್ಬರನ್ನು ಸಭೆಯೇ ಇಳಿಸಬೇಕಾಯಿತು. ಗೌರವದಿಂದ ಇಳಿದವರು ಇವರೊಬ್ಬರೇ. ಅವರನ್ನು ಕಾರ್ಡಿನಲ್ ಆಗಿ ಉಳಿಸಿಕೊಂಡರು. 1417ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಮುಂದಿನ ತಿಂಗಳು 5ನೇ ಮಾರ್ಟಿನ್ ಆಯ್ಕೆಯಾಗಿ ಒಡಕು ಮುಗಿಯಿತು.

ನಂತರದ 600 ವರ್ಷ ಯಾರೂ ಇದರ ಬಗ್ಗೆ ಯೋಚಿಸಲೇ ಇಲ್ಲವೇ?

ಯೋಚಿಸಿದವರಿದ್ದಾರೆ. ನೆಪೋಲಿಯನ್ ಪಟ್ಟಾಭಿಷೇಕಕ್ಕೆ 1804ರಲ್ಲಿ ಪ್ಯಾರಿಸ್‌ಗೆ ಹೊರಟ 7ನೇ ಪಿಯುಸ್, ತಾವು ಸೆರೆಯಾದರೆ ಪೀಠ ಖಾಲಿಯೆಂದು ತಿಳಿಯಬೇಕು ಎಂಬ ಪತ್ರಕ್ಕೆ ಸಹಿ ಹಾಕಿ ಹೋದರು. ವಾಸಿಯಾಗದ ಕಾಯಿಲೆ ಬಂದು ಕೆಲಸ ಮಾಡಲಾಗದಿದ್ದರೆ ಎಂದು 6ನೇ ಪೌಲ್ 1965ರಲ್ಲೇ ಬರೆದಿಟ್ಟ ಪತ್ರ 2018ರಲ್ಲಿ ಬೆಳಕಿಗೆ ಬಂತು. 1966ರಲ್ಲಿ ಅವರು ಫುಮೋನೆ ಕೋಟೆಗೆ ಹೋಗಿ ಸೆಲೆಸ್ಟೀನ್ ಅವರನ್ನು ಸ್ಮರಿಸಿದಾಗ, ಇವರೂ ಬಿಡುತ್ತಾರೆ ಎಂಬ ಗುಸುಗುಸು ಎದ್ದಿತ್ತು. 2ನೇ ಜಾನ್ ಪೌಲ್ ಕೂಡ ಅಂಥ ಪತ್ರ ಬರೆದಿಟ್ಟಿದ್ದರು, ಆದರೆ ಪಾರ್ಕಿನ್ಸನ್ ಕಾಯಿಲೆಯಿಂದ ಜರ್ಜರಿತರಾಗಿಯೂ 2005ರಲ್ಲಿ ಕೊನೆಯುಸಿರಿನ ತನಕ ಪೀಠದಲ್ಲೇ ಇದ್ದರು. ಆ ಕೊನೆಯ ವರ್ಷಗಳನ್ನು ತೀರಾ ಹತ್ತಿರದಿಂದ ನೋಡಿದವರಲ್ಲಿ ಒಬ್ಬರು ಕಾರ್ಡಿನಲ್ ರಾಟ್ಸಿಂಗರ್, ಅಂದರೆ ಮುಂದೆ 16ನೇ ಬೆನೆಡಿಕ್ಟ್.

2013ರ ಫೆಬ್ರುವರಿ 11ರಂದು ನಡೆದದ್ದೇನು?

ಒತ್ರಾಂತೊದ ಹುತಾತ್ಮರಿಗೆ ಸಂತ ಪದವಿ ಕೊಡುವ ದಿನ ಗೊತ್ತು ಮಾಡಲು ಕಾರ್ಡಿನಲ್‌ಗಳು ವ್ಯಾಟಿಕನ್‌ನಲ್ಲಿ ಸೇರಿದ್ದರು. ಮಾಮೂಲಿ ಸಭೆ. ಕೊನೆಯಲ್ಲಿ ಬೆನೆಡಿಕ್ಟ್ ಲ್ಯಾಟಿನ್‌ನಲ್ಲಿ ಒಂದು ಸಣ್ಣ ಹೇಳಿಕೆ ಓದಿದರು: ಇಳಿವಯಸ್ಸಿನ ತಮ್ಮ ಶಕ್ತಿ ಈ ಹೊಣೆಗೆ ಸಾಲದು, ಫೆಬ್ರುವರಿ 28ರ ರಾತ್ರಿ 8 ಗಂಟೆಗೆ ಸಂತ ಪೇತ್ರರ ಪೀಠ ಖಾಲಿಯಾಗುತ್ತದೆ. ಕೆಲವು ಕಾರ್ಡಿನಲ್‌ಗಳಿಗೆ ಕೇಳಿದ್ದು ಸರಿಯೋ ಎಂದೇ ಅನುಮಾನ. ಪತ್ರಿಕಾ ಕೋಣೆಯ ಟಿವಿಯಲ್ಲಿ ನೋಡುತ್ತಿದ್ದ ಆನ್ಸಾ ಸುದ್ದಿಸಂಸ್ಥೆಯ ಜೊವಾನ್ನಾ ಕಿರ್ರಿ ಅವರಿಗೆ ಲ್ಯಾಟಿನ್ ಬರುತ್ತಿತ್ತು. ಜಗತ್ತಿಗೆ ಸುದ್ದಿ ಮೊದಲು ಹೋದದ್ದು ಅವರಿಂದ. ಕಾರ್ಡಿನಲ್‌ಗಳ ಡೀನ್ ಆಂಜೆಲೊ ಸೊಡಾನೊ ಎದ್ದು, ತಿಳಿಯಾದ ಆಕಾಶದಿಂದ ಸಿಡಿಲು ಬಡಿದಂತಾಯಿತು ಎಂದರು. ಅದೇ ಸಂಜೆ ಸಂತ ಪೇತ್ರರ ಮಹಾದೇವಾಲಯದ ಗುಮ್ಮಟಕ್ಕೆ ನಿಜವಾಗಿಯೇ ಸಿಡಿಲು ಬಡಿಯಿತು.

ನಿಜವಾದ ಕಾರಣ ಹಗರಣಗಳೇ?

2012ರಲ್ಲಿ ಅವರ ಖಾಸಗಿ ಕಾಗದಪತ್ರಗಳು ಸೋರಿಕೆಯಾಗಿ ಮನೆವಾರ್ತೆಯ ಸೇವಕನೇ ಬಂಧನಕ್ಕೊಳಗಾದ. ಹಾಗಾಗಿ ಇಂಥ ಊಹೆಗಳಿಗೆ ಬರವಿಲ್ಲ. ಅದಕ್ಕೆ ಹೆದರಿ ಓಡಲಿಲ್ಲ ಎಂದು ಬೆನೆಡಿಕ್ಟ್ ಹಲವು ಸಲ ಹೇಳಿದರು. 2022ರಲ್ಲಿ, ಸಾಯುವ ಕೆಲ ವಾರಗಳ ಹಿಂದೆ, ತಮ್ಮ ಜೀವನಚರಿತ್ರೆ ಬರೆದವರಿಗೆ ಕಳಿಸಿದ ಪತ್ರದಲ್ಲಿ ಅವರು ಕೊಟ್ಟ ಕಾರಣ ನಿದ್ರಾಹೀನತೆ. 2005ರ ಕಲೋನ್ ಯುವಜನ ಸಮಾವೇಶದಿಂದ ಶುರುವಾದ ಅದಕ್ಕೆ ಬಲವಾದ ಮದ್ದು ಬೇಕಾಗಿತ್ತು; ಕ್ರಮೇಣ ಮದ್ದೂ ನಾಟದಾಯಿತು. 2012ರ ಮಾರ್ಚ್‌ನಲ್ಲಿ ಮೆಕ್ಸಿಕೋದಲ್ಲಿ ಬೆಳಿಗ್ಗೆ ಎದ್ದಾಗ ಕರವಸ್ತ್ರ ರಕ್ತದಲ್ಲಿ ತೊಯ್ದಿತ್ತು. ರಾತ್ರಿ ಬಚ್ಚಲುಮನೆಯಲ್ಲಿ ಬಿದ್ದಿರಬೇಕು, ಬಿದ್ದ ನೆನಪಿಲ್ಲ. 2013ರ ಜುಲೈನಲ್ಲಿ ರಿಯೊ ಡಿ ಜನೈರೊ ಸಮಾವೇಶವಿತ್ತು. ಅಲ್ಲಿಗೆ ಹೊಸ ಪೋಪ್ ಹೋಗಬೇಕಾದರೆ ಅಷ್ಟರೊಳಗೆ ಬಿಡಬೇಕಿತ್ತು. 85 ವರ್ಷದವರೊಬ್ಬರ ಈ ವಿವರಣೆ ನನಗೆ ಯಾವ ಸಂಚಿನ ಕಥೆಗಿಂತಲೂ ನಂಬುವಂತಿದೆ.

ಸೆಲೆಸ್ಟೀನ್‌ಗೂ ಬೆನೆಡಿಕ್ಟ್‌ಗೂ ಏನಾದರೂ ನಂಟಿತ್ತೇ?

2009ರ ಏಪ್ರಿಲ್ 6ರಂದು ಲಾಕ್ವಿಲಾದಲ್ಲಿ ಭೂಕಂಪವಾಗಿ ಕೊಲ್ಲೆಮಾಜ್ಜೊ ಚರ್ಚಿನ ಚಾವಣಿಯ ಭಾಗ ಕುಸಿಯಿತು. ಅವಶೇಷದಡಿಯಿಂದ ಸೆಲೆಸ್ಟೀನ್ ಅವರ ಗಾಜಿನ ಶವಪೆಟ್ಟಿಗೆಯನ್ನು ಹೊರತೆಗೆದರು. ಏಪ್ರಿಲ್ 28ರಂದು ಬಂದ ಬೆನೆಡಿಕ್ಟ್, ತಾವು ಪೋಪ್ ಆದ ದಿನಗಳಲ್ಲಿ ಹೆಗಲ ಮೇಲೆ ಧರಿಸಿದ್ದ ಉಣ್ಣೆಯ ಪಟ್ಟಿಯನ್ನು ಆ ಪೆಟ್ಟಿಗೆಯ ಮೇಲಿಟ್ಟು ಹೋದರು. 2010ರ ಜುಲೈನಲ್ಲಿ ಸುಲ್ಮೋನಾಕ್ಕೂ ಹೋದರು. ನಾಲ್ಕು ವರ್ಷ ಮೊದಲೇ ತೀರ್ಮಾನಿಸಿದ್ದರು ಎಂದು ಇದರಿಂದ ಹೇಳಲಾಗದು. ಆದರೆ ಕರ್ತವ್ಯ ನಿಭಾಯಿಸಲಾಗದ ಪೋಪ್‌ಗೆ ರಾಜೀನಾಮೆಯ ಹಕ್ಕಿದೆ, ಕೆಲವೊಮ್ಮೆ ಅದು ಕರ್ತವ್ಯವೂ ಹೌದು ಎಂದು ಅವರು 2010ರ ಸಂದರ್ಶನವೊಂದರಲ್ಲಿ ಬಾಯಿಬಿಟ್ಟು ಹೇಳಿದ್ದರು.

ಬೆನೆಡಿಕ್ಟ್ ಅವರ ರಾಜೀನಾಮೆ ಊರ್ಜಿತವಲ್ಲ ಎಂಬ ವಾದ ಸರಿಯೇ?

ಸರಿಯಲ್ಲ. ಲ್ಯಾಟಿನ್ ಹೇಳಿಕೆಯ ಪದಪ್ರಯೋಗ ಹಿಡಿದು, ಅವರು ಕೆಲಸ ಬಿಟ್ಟರೇ ಹೊರತು ಪದವಿ ಬಿಡಲಿಲ್ಲ ಎಂದು ವಾದಿಸುವವರಿದ್ದಾರೆ. ಅದೇ ಹೇಳಿಕೆಯಲ್ಲಿ ಪೀಠ ಖಾಲಿಯಾಗುತ್ತದೆ, ಹೊಸ ಪೋಪ್ ಆಯ್ಕೆಯಾಗಬೇಕು ಎಂದು ಇದೆ. ಪೋಪ್ ಒಬ್ಬರೇ ಎಂದು ಅವರು ಬದುಕಿರುವ ತನಕ ಹೇಳುತ್ತಲೇ ಇದ್ದರು.

ಪೀಠ ಬಿಟ್ಟ ಮೇಲೆ ಅವರ ಸ್ಥಾನಮಾನ ಏನಾಗಿತ್ತು?

'ವಿಶ್ರಾಂತ ಪೋಪ್' ಎಂಬ ಬಿರುದು, ಬಿಳಿ ನಿಲುವಂಗಿ, ಬೆನೆಡಿಕ್ಟ್ ಎಂಬ ಹೆಸರು ಉಳಿದವು. ಅಧಿಕಾರದ ಮೀನುಗಾರ ಉಂಗುರವನ್ನು ಮತ್ತೆ ಮುದ್ರೆ ಒತ್ತಲಾಗದಂತೆ ಗೀರಿದರು. ಕೆಂಪು ಪಾದರಕ್ಷೆ ಹೋಗಿ ಮೆಕ್ಸಿಕೋದವರು ಕೊಟ್ಟಿದ್ದ ಕಂದು ಪಾದರಕ್ಷೆ ಬಂತು. 2013ರ ಮೇ ತಿಂಗಳಿಂದ ವ್ಯಾಟಿಕನ್ ತೋಟದ ಮಾತೆರ್ ಎಕ್ಲೇಸಿಯೇ ಮಠದಲ್ಲಿದ್ದು, 2022ರ ಡಿಸೆಂಬರ್ 31ರಂದು 95ನೇ ವಯಸ್ಸಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಯ ಬಲಿಪೂಜೆಗೆ ಆಗಿನ ಪೋಪ್ ಫ್ರಾನ್ಸಿಸ್ ಅವರದೇ ಅಧ್ಯಕ್ಷತೆ.

ಸೆಲೆಸ್ಟೀನ್ ಅವರ ಸೆರೆಮನೆಗೆ ಹೋಲಿಸಿದರೆ ಇದು ದೊಡ್ಡ ನಾಗರಿಕತೆ. ಆದರೂ ಬಿಳಿ ಉಡುಪು ಮತ್ತು ಪೋಪ್ ಎಂಬ ಬಿರುದು ಬೇಡವಾಗಿತ್ತು ಎನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ಫ್ರಾನ್ಸಿಸ್ ಅವರನ್ನು ಒಪ್ಪದ ಕೆಲವರು ಬೆನೆಡಿಕ್ಟ್ ಅವರನ್ನು ತಮ್ಮ ಗುರಾಣಿ ಮಾಡಿಕೊಂಡರು. ಅವರು ಬಯಸದಿದ್ದರೂ ಗೊಂದಲ ಬೆಳೆಯಿತು. ತಾವೇನಾದರೂ ಬಿಟ್ಟರೆ 'ರೋಮಿನ ವಿಶ್ರಾಂತ ಬಿಷಪ್' ಎನಿಸಿಕೊಳ್ಳುತ್ತೇನೆ ಎಂದು ಫ್ರಾನ್ಸಿಸ್ 2022ರಲ್ಲಿ ಹೇಳಿದ್ದು ವಿವೇಕದ ಮಾತು.

ಫ್ರಾನ್ಸಿಸ್ ಏಕೆ ಬಿಡಲಿಲ್ಲ?

ಕಾಯಿಲೆಯಿಂದ ಅಸಮರ್ಥರಾದರೆ ಎಂದು 2013ರಲ್ಲೇ ಸಹಿ ಮಾಡಿದ ಪತ್ರವನ್ನು ಆಗ ವ್ಯಾಟಿಕನ್‌ನ ರಾಜ್ಯ ಕಾರ್ಯದರ್ಶಿಯಾಗಿದ್ದ ಕಾರ್ಡಿನಲ್ ಬೆರ್ತೋನೆ ಅವರಿಗೆ ಕೊಟ್ಟಿದ್ದಾಗಿ ಅವರೇ ತಿಳಿಸಿದ್ದರು. ಆದರೆ ರಾಜೀನಾಮೆ ರೂಢಿಯಾಗಬಾರದು, ಪೋಪ್ ಹುದ್ದೆ ಜೀವನಪರ್ಯಂತದ್ದು ಎಂಬುದು 2023ರ ಹೊತ್ತಿಗೆ ಅವರ ನಿಲುವು. 2025ರ ಏಪ್ರಿಲ್ 21ರಂದು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಮೇ 8ರಂದು 14ನೇ ಲಿಯೊ ಆಯ್ಕೆಯಾದರು.

ಪೋಪ್‌ಗೆ ಪ್ರಜ್ಞೆಯೇ ತಪ್ಪಿ, ರಾಜೀನಾಮೆ ಕೊಡುವ ಸ್ಥಿತಿಯಲ್ಲೇ ಇಲ್ಲದಿದ್ದರೆ?

ಇವತ್ತಿನ ಕಾನೂನಿನ ದೊಡ್ಡ ಕೊರತೆ ಇದೇ. ಪೀಠ ಪೂರ್ತಿ ನಿಷ್ಕ್ರಿಯವಾದಾಗ ವಿಶೇಷ ನಿಯಮಗಳನ್ನು ಪಾಲಿಸಬೇಕು ಎಂದು 335ನೇ ವಿಧಿ ಹೇಳುತ್ತದೆ. ಆ ವಿಶೇಷ ನಿಯಮಗಳನ್ನು ಯಾರೂ ಪ್ರಕಟಿಸಿಲ್ಲ. ಪೋಪ್ ಅಸಮರ್ಥರು ಎಂದು ತೀರ್ಮಾನಿಸುವ ವೈದ್ಯರು ಯಾರು, ಘೋಷಿಸುವವರು ಯಾರು ಎಂಬುದಕ್ಕೆ ಉತ್ತರವಿಲ್ಲ. ಮೊದಲೇ ಬರೆದಿಟ್ಟ ಪತ್ರಗಳು ಇದ್ದರೂ, ಅವನ್ನು ಜಾರಿ ಮಾಡುವ ಹೊತ್ತಿಗೆ ಅದು ಅವರ ಸ್ವಂತ ಇಚ್ಛೆಯೇ ಎಂದು ಯಾರು ಬೇಕಾದರೂ ಪ್ರಶ್ನಿಸಬಹುದು. ಇಟಲಿಯ ಕೆಲವು ಕ್ಯಾನನ್ ಕಾನೂನು ತಜ್ಞರು ಇದಕ್ಕೂ, ವಿಶ್ರಾಂತ ಪೋಪ್ ಸ್ಥಾನಮಾನಕ್ಕೂ ಕರಡು ನಿಯಮಗಳನ್ನು ಸಿದ್ಧಪಡಿಸಿದ್ದಾರೆ. ಅವು ಕಾನೂನಾಗಬೇಕಾದರೆ ಪೋಪ್ ಒಬ್ಬರು ಸಹಿ ಹಾಕಬೇಕು.